ನೀರಿನ ಮಾಸ್ತರರು ತೊಳೆದಿಟ್ಟ ನಳಿಗೆ

ಅವರ ಬಲಗೈ ತೋರುಬೆರಳಿನ ತುದಿಯಲ್ಲಿ ತೊಗರಿಕಾಳಿನಷ್ಟಗಲದ ಒಂದು ದುಂಡನೆಯ ಕುಳಿ ಇತ್ತು. ಪಿಪೆಟ್ಟು ಎಂಬ ಗಾಜಿನ ಕೊಳವೆಯನ್ನು ಬಾಯಿಂದ ಹೀರಬೇಕು, ನೀರು ಗೆರೆ ದಾಟಿದ ಕೂಡಲೇ ಬಾಯಿ ತೆಗೆದು ಅದರ ತುದಿಯನ್ನು ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ವರ್ಷಗಟ್ಟಲೆ ಹಾಗೆ ಒತ್ತಿ ಒತ್ತಿ ಕೊಳವೆಯ ಬಾಯಿ ಆ ಬೆರಳಿನಲ್ಲಿ ಅಚ್ಚಾಗಿ ಕೂತಿತ್ತು. ಬಸ್ಸಿನಲ್ಲಿ ಅವರು ಮುಂದಿನ ಸೀಟಿನ ಸರಳು ಹಿಡಿದು ಕೂತರೆ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು. ನಾಲ್ಕು ಬೆರಳು ಸರಳಿನ ಮೇಲೆ, ಅದೊಂದು ಮಾತ್ರ ಮೇಲೆ ಎತ್ತಿಟ್ಟದ್ದು.

ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ಅವರೂ ನಾನೂ ತಿಕೋಟಾದ ಒಂದು ಹೈಸ್ಕೂಲಿನಲ್ಲಿ ಕೆಲಸಕ್ಕಿದ್ದೆವು. ಅವರು ವಿಜ್ಞಾನದ ಮಾಸ್ತರರು, ನಾನು ಕನ್ನಡ ಮತ್ತು ಹೊಲಿಗೆ ಕಲಿಸುವ ಅಕ್ಕೋರು. ಇಬ್ಬರ ಮನೆಯೂ ವಿಜಯಪುರದಲ್ಲಿ, ಆಗಿನ್ನೂ ನಾವೆಲ್ಲ ವಿಜಾಪುರ ಎನ್ನುತ್ತಿದ್ದ ಊರಿನಲ್ಲಿ, ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿತ್ತು. ನಡುವೆ ಒಂದೇ ಗೋಡೆ. ಬೆಳಗಿನ ಬಸ್ಸಿಗೆ ಒಟ್ಟಿಗೆ ಹೋಗುತ್ತಿದ್ದೆವು, ಸಂಜೆ ಒಟ್ಟಿಗೆ ಬರುತ್ತಿದ್ದೆವು. ನನಗೆ ವಿಜ್ಞಾನವೆಂದರೆ ಹಾವು ಕಂಡಂತೆ; ಆದರೂ ಆ ಬಸ್ಸಿನಲ್ಲಿ ಎರಡು ವರ್ಷ ಕೇಳಿದ ಪಾಠ ನನ್ನ ಇಡೀ ಓದಿಗಿಂತ ದೊಡ್ಡದು.

ಅವರ ಕೋಟಿನ ಕಿಸೆಗಳಲ್ಲಿ ಯಾವಾಗಲೂ ಸಣ್ಣ ಸಣ್ಣ ಸೀಸೆಗಳು ಇರುತ್ತಿದ್ದವು. ಬಸ್ಸು ಕುಣಿದಾಗಲೆಲ್ಲ ಅವು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಪ್ರತಿ ಸೀಸೆಗೂ ಒಂದು ಚೀಟಿ: ‘ಕಳ್ಳಕವಟಗಿ, ಹೊಲದ ಬಾವಿ, ಮೂಡಲ ಮೆಟ್ಟಿಲು’ ಎಂದೋ, ‘ಕನಮಡಿ, ಗುಡಿ ಹಿಂದಿನ ಸೇದುಬಾವಿ’ ಎಂದೋ ಮಣಿ ಪೋಣಿಸಿದಂಥ ಅಕ್ಷರದಲ್ಲಿ ಬರೆದದ್ದು. ಮಂದಿ ಅವರನ್ನು ನೀರಿನ ಮಾಸ್ತರ ಎಂದೇ ಕರೆಯುತ್ತಿದ್ದರು. ಕಂಡಕ್ಟರ್ ದಿನಾಲೂ ಕಾಡುತ್ತಿದ್ದ.

“ಮಾಸ್ತರ, ಈ ಬಾಟ್ಲಿಗೋಳಿಗೆ ಅರ್ಧಾ ತಿಕೀಟ ಹರೀಲೇನ್ರಿ?”

“ಹರೀರಿ. ಆದರ ಅವಕ್ಕ ಕುಂಡ್ರಾಕ ಸೀಟು ಕೊಡಬೇಕು ನೋಡ್ರಿ,” ಎಂದು ಇವರು ಮುಖ ಬಿಗಿಹಿಡಿದೇ ಹೇಳುತ್ತಿದ್ದರು. ನಗು ಬರುವುದು ಕಂಡಕ್ಟರ್ ಮುಂದೆ ಹೋದ ಮೇಲೆ.

ರವಿವಾರ ಸೈಕಲ್ಲು ಏರಿ ಹಳ್ಳಿಗಳಿಗೆ ಹೋಗುತ್ತಿದ್ದರು. ಬಾವಿಯ ನೀರು ತುಂಬಿಕೊಳ್ಳುವ ಈ ಕೋಟಿನ ಮನುಷ್ಯನನ್ನು ನೋಡಿ ಹಳ್ಳಿಯವರಿಗೆ ಏನೇನೋ ಆಸೆ. “ನಮ್ಮ ಬಾವ್ಯಾಗ ಸಿಹಿನೀರು ಬರ್ತೈತೇನ್ರಿ ಯಪ್ಪಾ?” ಎಂದು ಕೇಳಿದರೆ, “ನಾ ನೀರು ತರೂ ಮನಷ್ಯಾ ಅಲ್ರಿ, ಬಂದ ನೀರಿನ ಜಾತಕ ಬರಿಯೂ ಮನಷ್ಯಾ,” ಎನ್ನುತ್ತಿದ್ದರು. ಕನಮಡಿಯ ಮುದುಕಿಯೊಬ್ಬಳು ಸೀಸೆ ತುಂಬಿ ಕೊಡುವಾಗ, ದಾರಿಯಲ್ಲಿ ನೀರು ಕೆಡದಿರಲಿ ಎಂದು ಅದರೊಳಗೆ ಎರಡು ಬೇವಿನ ಎಲೆ ಹಾಕಿ ಕೊಟ್ಟಳಂತೆ. ಆ ನೀರು ಇವರ ಕೆಲಸಕ್ಕೆ ಬಾರದು. ಆದರೆ ಅವಳೆದುರು ಚೆಲ್ಲಲು ಮನಸ್ಸಾಗಲಿಲ್ಲ. ಸಲಾಮು ಮಾಡಿ, ಮೈಲಿ ದೂರ ಹೋಗಿ ಚೆಲ್ಲಿ, ಅವಳು ಮನೆಯೊಳಗೆ ಹೋದಳೆಂದು ಖಾತ್ರಿಯಾದ ಮೇಲೆ ಮತ್ತೆ ಬಾವಿಗೆ ಬಂದು ತುಂಬಿಕೊಂಡರು. ಇದನ್ನು ನನಗೆ ಹೇಳುವಾಗಲೂ ಅವರು ಮುದುಕಿಯನ್ನು ನಗೆಯಾಡಲಿಲ್ಲ. “ಪಾಪ, ಆಕಿ ಚಲೋದಕ್ಕ ಮಾಡಿದ್ಳು,” ಎಂದರು.

ಈ ಹುಚ್ಚಿಗೆ ಕಾರಣವಿತ್ತು. ಅವರ ತಂದೆ ಐವತ್ತು ತುಂಬುವ ಮೊದಲೇ ತಲೆಯ ರಕ್ತನಾಳ ಒಡೆದು ಹೋದರು. ಅಣ್ಣ ಅದಕ್ಕೂ ಚಿಕ್ಕ ವಯಸ್ಸಿನಲ್ಲಿ ಅದೇ ದಾರಿ ಹಿಡಿದರು. ಇಬ್ಬರೂ ಊರ ನಳದ ಮೆತ್ತನೆಯ ನೀರು ಕುಡಿದು ಬೆಳೆದವರು. ಗಡಸು ನೀರು ಕುಡಿಯುವ ಸೀಮೆಗಳಲ್ಲಿ ರಕ್ತನಾಳದ ರೋಗದಿಂದ ಸಾಯುವವರು ಕಡಿಮೆ ಎಂದು, ಆ ನೀರಿನಲ್ಲಿರುವ ಮೆಗ್ನೀಷಿಯಂ ಅದಕ್ಕೆ ಕಾರಣವಿರಬಹುದೆಂದು ಅವರು ಯಾವುದೋ ಹಳೆಯ ಪತ್ರಿಕೆಯಲ್ಲಿ ಓದಿದ್ದರು. ಇರಬಹುದು ಎಂದಷ್ಟೇ ಬರೆದಿತ್ತು. ಮಾಸ್ತರರಿಗೆ ಆ ‘ಬಹುದು’ವಿನ ಬೆನ್ನು ಹತ್ತುವುದೇ ಬದುಕಾಯಿತು.

ಒಂಬತ್ತನೆಯ ತರಗತಿಯ ಹುಡುಗರಿಗೆ ಮುಷ್ಟಿ ಹಿಡಿಸಿ ಪಾಠ ಹೇಳುತ್ತಿದ್ದುದನ್ನು ನಾನು ಬಾಜೂ ಕೋಣೆಯಿಂದ ಕೇಳಿದ್ದೇನೆ. “ರಕ್ತನಾಳ ಅಂದ್ರ ಬರೇ ಕೊಳವಿ ಅಲ್ರೋ. ಅದರ ಗ್ವಾಡಿಯೊಳಗ ಸ್ನಾಯು ಅದಾವ. ಕ್ಯಾಲ್ಸಿಯಂ ಒಳಗ ಹೊಕ್ತು ಅಂದ್ರ ಆ ಸ್ನಾಯು ಮುಷ್ಟಿ ಬಿಗೀತೈತಿ, ನಾಳ ಸಣ್ಣ ಆಗ್ತೈತಿ, ಒತ್ತಡ ಏರ್ತೈತಿ. ಮೆಗ್ನೀಷಿಯಂ ಬಾಗಲದಾಗ ನಿಂತು, ಸಾಕು ಬಿಡಪಾ, ಅಂತ ಹಿಂದಕ್ಕ ಸರಸ್ತೈತಿ. ಆಗ ಮುಷ್ಟಿ ಸಡ್ಲ ಆಗ್ತೈತಿ. ಬಾಗಲಾ ಕಾಯಾಂವಾ ಇಲ್ಲಂದ್ರ?” ಹುಡುಗರು ಮುಷ್ಟಿ ಬಿಗಿದೇ ಕೂತಿರುತ್ತಿದ್ದರು. “ಬಿಡ್ರಿ ಈಗ, ಕೈ ನೋಯ್ತಾವ,” ಎಂದು ಇವರೇ ಹೇಳಬೇಕಾಗುತ್ತಿತ್ತು.

ಅವರ ಹೆಂಡತಿಯನ್ನು ನಾನು ಭಾಬಿ ಎನ್ನುತ್ತಿದ್ದೆ. ಬಬಲೇಶ್ವರದ ಹೆಣ್ಣುಮಗಳು. ಗೋಡೆಯ ಈಚೆಗೆ ಕೇಳುವಂತೆ ನಗುತ್ತಿದ್ದಳು. ನಮ್ಮದು ಬೌದ್ಧರ ಮನೆ. ಅಪ್ಪ ದೀಕ್ಷೆ ತೆಗೆದುಕೊಂಡು ಹಾಗೆ ಬರೆಸಿದ. ಅದಕ್ಕೆ ಮೊದಲು ಊರು ನಮ್ಮನ್ನು ಏನೆಂದು ಕರೆಯುತ್ತಿತ್ತೋ ಅದನ್ನು ಇಲ್ಲಿ ಬರೆಯುವುದಿಲ್ಲ. ಆ ಓಣಿಗೆ ನಾನೂ ನನ್ನ ಅವ್ವನೂ ಬಾಡಿಗೆಗೆ ಬಂದಾಗ ಮೊದಲ ದಿನವೇ ನಮ್ಮ ಮನೆಯ ನೀರು ಕೇಳಿ ಕುಡಿದವಳು ಭಾಬಿ. ಲೋಟವನ್ನು ಹಿಂದೆಮುಂದೆ ನೋಡದೆ ಗಟಗಟ ಕುಡಿದು, “ಇನ್ನೊಂದೀಟು ಹಾಕ್ರಿ,” ಎಂದಳು. ಅವಳ ಮಗಳಿಗೆ ಆಗ ಏಳೋ ಎಂಟೋ. ಅದು ನನ್ನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತ ನಮ್ಮ ಮನೆಯಲ್ಲೇ ಬೆಳೆಯಿತು ಎಂದರೂ ತಪ್ಪಲ್ಲ.

ಭಾಬಿಗೆ ರಕ್ತದ ಒತ್ತಡ ಹೆಚ್ಚು, ಕಾಲಿಗೆ ಬಾವು, ಹೃದಯವೂ ಸೋತಿತ್ತು. ಡಾಕ್ಟರು ಮೈಯ ನೀರು ಇಳಿಸುವ ಗುಳಿಗೆ ಕೊಟ್ಟಿದ್ದರು. ಬಾವು ಇಳಿಯಿತು. ಆದರೆ ಕೆಲವು ತಿಂಗಳಲ್ಲಿ ಬೇರೆಯೇ ತ್ರಾಸು ಶುರುವಾಯಿತು. ರೊಟ್ಟಿ ಬಡಿಯುತ್ತ ಕೂತವಳು ಮೀನಖಂಡ ಹಿಡಿದುಕೊಂಡು ಒದ್ದಾಡುವಳು. ತಣ್ಣೀರಿನಲ್ಲಿ ಕೈಯಿಟ್ಟರೆ ಬೆರಳು ಸುಣ್ಣದ ಹಾಗೆ ಬೆಳ್ಳಗಾಗಿ ಜೋಮು ಹಿಡಿಯುವವು. ಎದೆ ಒಮ್ಮೆ ಓಡುವುದು, ಒಮ್ಮೆ ತಪ್ಪುವುದು. ಮಾಸ್ತರರು ಅವಳ ನಾಡಿ ಹಿಡಿದು ಕೂತು, ಗುಳಿಗೆಯು ನೀರಿನ ಜೊತೆ ಮೆಗ್ನೀಷಿಯಮ್ಮನ್ನೂ ಹೊರಗೆ ಒಯ್ಯುತ್ತಿದೆ, ರಕ್ತನಾಳಗಳು ಬಿಗಿದುಕೊಳ್ಳುತ್ತಿವೆ ಎಂದು ತೀರ್ಮಾನಿಸಿದರು. ತಿಕೋಟಾದ ಒಂದು ಬಾವಿಯ ನೀರು ಅವರ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಮೆಗ್ನೀಷಿಯಂ ಇದ್ದದ್ದು. ದಿನಾಲೂ ಅದನ್ನು ಡಬ್ಬಿಯಲ್ಲಿ ತುಂಬಿ ಬಸ್ಸಿನಲ್ಲಿ ಹೊತ್ತು ತಂದು ಮನೆಯ ಕೊಡಕ್ಕೆ ಸುರಿಯತೊಡಗಿದರು.

“ಈ ನೀರಾಗ ಬ್ಯಾಳಿ ಬೇಯೂದಿಲ್ಲ, ಸಾಬಾಣ ನೊರಿ ಬರೂದಿಲ್ಲ,” ಎಂದು ಭಾಬಿ ನನ್ನೆದುರು ದೂರುತ್ತಿದ್ದಳು. “ಇವರಿಗೆ ಮಾತ್ರ ಇದು ಮಕ್ಕಾದ ಝಮ್‌ಝಮ್ ನೀರು ನೋಡ್ರಿ.” ದೂರುತ್ತಲೇ ಕುಡಿಯುತ್ತಿದ್ದಳು. ಗುರೆಳ್ಳಿನ ಹಿಂಡಿ, ಸೇಂಗಾ, ಸೊಪ್ಪು, ಇವರು ಹೇಳಿದ್ದನ್ನೆಲ್ಲ ತಿನ್ನುತ್ತಿದ್ದಳು. ತ್ರಾಸು ಮಾತ್ರ ಇಳಿಯಲಿಲ್ಲ. ಬಾಯಿಂದ ಹೋಗುವುದಕ್ಕಿಂತ ಗುಳಿಗೆಯಿಂದ ಹೊರಬೀಳುವುದೇ ಹೆಚ್ಚು ಎಂದರು ಮಾಸ್ತರರು.

ಡಾಕ್ಟರರ ಹತ್ತಿರ ಹೋಗುವಾಗ ಭಾಬಿಯ ಜೊತೆ ನಾನೂ ಹೋಗಿದ್ದೆ. ಅವರು ಕೆಟ್ಟವರಲ್ಲ. ಮಾಸ್ತರರ ಮಾತನ್ನು ಪೂರಾ ಕೇಳಿಸಿಕೊಂಡರು.

“ಮಾಸ್ತರ, ನಿಮ್ಮ ಮಾತು ಸುಳ್ಳು ಅನ್ನೂದಿಲ್ಲ ನಾ. ಆದರ ಅಂದಾಜಿನ ಮ್ಯಾಲೆ ಗುಳಗಿ ಬಿಡಸಾಕ ಬರೂದಿಲ್ಲ. ನೀರು ಎದಿಗೆ ಏರಿತಂದ್ರ ಆಕಿ ಎರಡು ದಿನಾ ಉಳಿಯೂದಿಲ್ಲ. ರಕ್ತದಾಗ ಮೆಗ್ನೀಷಿಯಂ ಎಷ್ಟೈತಿ ಅಂತ ಬರಸ್ಕೊಂಡು ಬರ್ರಿ. ಕಡಿಮಿ ಇತ್ತಂದ್ರ ಗುಳಗಿ ಇಳಸ್ತೀನಿ, ಮೆಗ್ನೀಷಿಯಂ ಸೂಜಿ ಸುರು ಮಾಡ್ತೀನಿ.”

“ಎಲ್ಲಿ ಬರಸಬೇಕ್ರಿ?”

“ನಮ್ಮೂರಾಗ ಯಾರೂ ನೋಡೂದಿಲ್ಲ. ಸೊಲ್ಲಾಪುರಕ್ಕ ಕಳಿಸಿ ನೋಡ್ರಿ.”

ಸೊಲ್ಲಾಪುರಕ್ಕೆ ಕಳಿಸಿದ ರಕ್ತ ಬೇಸಿಗೆಯ ರೈಲಿನಲ್ಲಿ ಹಾದಿಯಲ್ಲೇ ಕೆಟ್ಟಿತು. ಭಾಬಿಯನ್ನೇ ಕರೆದೊಯ್ಯೋಣವೆಂದರೆ ನಾಲ್ಕು ಹೆಜ್ಜೆಗೆ ಅವಳ ಎದೆ ಹಾರುತ್ತಿತ್ತು. ಕೊನೆಗೆ ಮಾಸ್ತರರು ತಾವೇ ಅಳೆಯುವುದಾಗಿ ಹೇಳಿದರು. ನೀರಿನ ಮೆಗ್ನೀಷಿಯಂ ಅಳೆಯುವವನಿಗೆ ರಕ್ತದ್ದು ಯಾಕೆ ಆಗದು? ಸ್ಟೇಷನ್ ರಸ್ತೆಯ ಔಷಧದ ಅಂಗಡಿಯವರಿಗೆ ಹೇಳಿ ಮುಂಬಯಿಯಿಂದ ಒಂದು ಹಳದಿ ಬಣ್ಣದ ಪುಡಿ ತರಿಸಿದರು. ಮೆಗ್ನೀಷಿಯಂ ಇದ್ದಷ್ಟೂ ಆ ಹಳದಿ ಕೆಂಪಿಗೆ ತಿರುಗುತ್ತದೆ. ಆರು ಗಾಜಿನ ನಳಿಗೆಗಳಲ್ಲಿ ಗೊತ್ತಿದ್ದಷ್ಟು ಮೆಗ್ನೀಷಿಯಂ ಹಾಕಿ, ತಿಳಿಹಳದಿಯಿಂದ ಕೆಂಪಿನವರೆಗೆ ಸಾಲಾಗಿ ನಿಲ್ಲಿಸುವುದು. ಭಾಬಿಯ ಹೆಪ್ಪುಗಟ್ಟಿದ ರಕ್ತದ ಮೇಲಿನ ತಿಳಿಯಲ್ಲಿ ಬಂದ ಬಣ್ಣ ಯಾವುದಕ್ಕೆ ಹೊಂದುತ್ತದೆಂದು ನೋಡುವುದು. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಹೊಂದಿದರೆ ಆರೋಗ್ಯ, ಎರಡಕ್ಕಿಂತ ಕೆಳಗಾದರೆ ಸೂಜಿ. ಭಾಬಿಯ ಜೀವ ಆ ಒಂದು ಬಣ್ಣದ ಮೇಲೆ ನಿಂತಿತ್ತು. ಇದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ರಕ್ತ ಹಿಡಿಯುವ ನಳಿಗೆಯನ್ನು ಅವರು ಮೂರು ದಿನ ಆಸಿಡ್ಡಿನಲ್ಲಿ ಮುಳುಗಿಸಿಟ್ಟರು. ಶಾಲೆಯ ಪ್ರಯೋಗಶಾಲೆಯಲ್ಲಿ ಸ್ಟೋವಿನ ಮುಂದೆ ಕೂತು ಹನಿಹನಿಯಾಗಿ ನೀರು ಭಟ್ಟಿ ಇಳಿಸಿ, ಅದರಿಂದಲೇ ಹತ್ತಾರು ಸಲ ತೊಳೆದು, ಒಣಗಿಸಿ, ಬಿಳಿ ಕಾಗದದಲ್ಲಿ ಸುತ್ತಿ ತಂದರು. ರವಿವಾರ ಬೆಳಿಗ್ಗೆ ಪರಿಚಯದ ನರ್ಸಬಾಯಿ ಬಂದಳು. ಆರು ನಳಿಗೆಗಳ ಬಣ್ಣವನ್ನು ಆಗಿಂದಾಗ ಕಲಸಬೇಕು, ತಡವಾದರೆ ಮಾಸುತ್ತದೆ. ಮಾಸ್ತರರು ಹಿತ್ತಲ ಕಟ್ಟೆಯ ಮೇಲೆ ಆ ಕೆಲಸದಲ್ಲಿದ್ದರು. ಕಾಗದದ ಸುರುಳಿಯನ್ನು ನನ್ನ ಕೈಗೆ ಕೊಟ್ಟು, “ಇದನ್ನ ನರ್ಸಬಾಯಿ ಕೈಯಾಗ ಕೊಡ್ರಿ ಅಕ್ಕೋರ. ಒಳಗ ಬೆರಳು ತಾಗಸಬ್ಯಾಡ್ರಿ,” ಎಂದರು.

ಈಗ ನಾನು ಬರೆಯಬೇಕಾದದ್ದಕ್ಕೆ ಬಂದೆ. ನಮ್ಮ ಕಡೆ ಎಷ್ಟು ಸ್ವಚ್ಛವಾಗಿ ತೊಳೆದಿಟ್ಟ ಲೋಟವಾದರೂ ಇನ್ನೊಬ್ಬರ ಕೈಗೆ ಕೊಡುವ ಮುನ್ನ ನೀರು ಹಾಕಿ ಒಂದು ಸಲ ಗಲಬರಿಸಿ ಕೊಡುವುದು ಎಲ್ಲರ ಮನೆಯ ರೂಢಿ. ನಮ್ಮ ಮನೆಯಲ್ಲಿ ಅದು ರೂಢಿಯಷ್ಟೇ ಆಗಿರಲಿಲ್ಲ. “ಮಂದಿ ಕಣ್ಣ ಮುಂದ ಗಲಬರಿಸಿ ಕೊಡಬೇಕು, ಅದೂ ಮೂರು ಸಲ. ನಮ್ಮ ಕೈಯಾಗಿನ ಪಾತ್ರಿಗೆ ಯಾರೂ ಹೆಸರಿಡಬಾರದು,” ಎಂದು ಅವ್ವ ಹೇಳಿ ಹೇಳಿ, ಅದು ನನ್ನ ಕೈಗೆ ಅಂಟಿಕೊಂಡಿತ್ತು. ಉಸಿರಾಡಿದ್ದು ಯಾರಿಗೆ ನೆನಪಿರುತ್ತದೆ? ನಾನು ಕಾಗದ ಬಿಚ್ಚಿದೆ. ನರ್ಸಬಾಯಿ ಕೈ ಚಾಚಿದಳು. ಬಾಜೂ ಕೊಡವಿತ್ತು. ತಂಬಿಗೆಯಿಂದ ನೀರು ಹಾಕಿ, ಮೂರು ಸಲ ಗಲಬರಿಸಿ, ಜಾಡಿಸಿ, ಅವಳ ಕೈಗೆ ಕೊಟ್ಟೆ. ಒಳಗೆ ಬೆರಳು ಮಾತ್ರ ತಾಗಿಸಲಿಲ್ಲ. ಕೊಡದಲ್ಲಿದ್ದದ್ದು ತಿಕೋಟಾದ ಬಾವಿಯ ನೀರು.

ಮಧ್ಯಾಹ್ನದ ಹೊತ್ತಿಗೆ ಬಣ್ಣ ಬಂತು. ಮಾಸ್ತರರು ನಳಿಗೆಯನ್ನು ಬೆಳಕಿಗೆ ಹಿಡಿದು ಒಂದೊಂದರ ಬಾಜೂ ಇಟ್ಟು ನೋಡಿದರು. ನನ್ನನ್ನು ಕರೆದು ನೋಡಿಸಿದರು, ಮಗಳನ್ನು ಕರೆದು ನೋಡಿಸಿದರು. ಮೂವರೂ ನಾಲ್ಕನೆಯದನ್ನೇ ತೋರಿಸಿದೆವು. ಅವರು ಹೊಸ್ತಿಲ ಮೇಲೆ ಕೂತುಬಿಟ್ಟರು.

“ಕಡಿಮಿ ಇಲ್ಲ. ನನ್ನ ಶಂಕಾನ ತಪ್ಪು,” ಎಂದು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ಇಷ್ಟು ವರ್ಷ ನಂಬಿದ್ದು ಸುಳ್ಳಾಯಿತೆಂದು ಬೇಸರವಾಗಲಿಲ್ಲವೇ ಎಂದು ನಾನು ಕೇಳಿದೆ. “ಅಂಕಿ ಹೇಳಿದ್ದನ್ನ ನಾವು ಕೇಳಬೇಕ್ರಿ ಅಕ್ಕೋರ. ನಾವು ನಂಬಿದ್ದನ್ನ ಅಂಕಿ ಬಾಯಾಗ ತುರುಕಬಾರದು,” ಎಂದರು. ಬೇರೆ ಯಾರಾದರೂ ಆಗಿದ್ದರೆ ಹಟ ಹಿಡಿಯುತ್ತಿದ್ದರು, ಇನ್ನೊಮ್ಮೆ ನೋಡೋಣ ಎನ್ನುತ್ತಿದ್ದರು. ಇವರು ಮರುದಿನವೇ ಡಾಕ್ಟರರ ಹತ್ತಿರ ಹೋಗಿ, ಅಂಕಿ ತೋರಿಸಿ, ಕ್ಷಮೆ ಕೇಳಿ ಬಂದರು. ಬಾವು ಮತ್ತೆ ಏರುತ್ತಿದ್ದುದರಿಂದ ಡಾಕ್ಟರು ಗುಳಿಗೆಯನ್ನು ಒಂದರಿಂದ ಎರಡು ಮಾಡಿದರು. ತಿಕೋಟಾದ ನೀರು ತರುವುದೂ ನಿಂತಿತು. ಬೇಳೆ ಚೆನ್ನಾಗಿ ಬೇಯುತ್ತದೆಂದು ಭಾಬಿಗೆ ಸಂತೋಷವಾಯಿತು.

ಮೂರು ವಾರ ಆಗಿರಬಹುದು. ಶಾಲೆಗೆ ಸೂಟಿ ಇದ್ದ ದಿನ. ಗೋಡೆಯ ಆಚೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಸದ್ದು ನಿಂತಿತು. ನಾನು ಏನೂ ಅಂದುಕೊಳ್ಳಲಿಲ್ಲ, ರೊಟ್ಟಿ ಮುಗಿದಿರಬೇಕು ಎಂದುಕೊಂಡೆ. ಆಮೇಲೆ ಮಗಳು ಕೂಗಿದಳು. ನಾವು ಓಡಿಹೋಗುವಷ್ಟರಲ್ಲಿ ಭಾಬಿಯ ಮೈಯೆಲ್ಲ ಸೆಟೆದು ಬಿಗಿದಿತ್ತು. ಬಿಗಿ ಸಡಿಲಾದಾಗ ನಾಡಿ ಇರಲಿಲ್ಲ.

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲೆ ಮಾಸ್ತರರು ಶಾಲೆಗೆ ಬಂದರು. ನಾನು ಬಾಜೂ ಕೋಣೆಯಲ್ಲಿ ಹುಡುಗಿಯರಿಗೆ ಕಾಜ ಹೊಲಿಯುವುದನ್ನು ಕಲಿಸುತ್ತಿದ್ದೆ. ಅವರ ದನಿ ಕೇಳಿಸಿತು: “ಕಡೀಕೆ ಭಟ್ಟಿ ನೀರಿನಿಂದನ ತೊಳೀಬೇಕು. ಬಾವಿ ನೀರಿನ ಒಂದು ಹನಿ ನಳಿಗ್ಯಾಗ ಉಳೀತು ಅಂದ್ರ ನೀವು ಅಳಿಯೂದು ಬಾವಿನ್ನ, ನಿಮ್ಮ ಕೈಯಾಗಿನ ವಸ್ತುವನ್ನಲ್ಲ.” ಸೂಜಿ ನನ್ನ ಬೆರಳಿಗೆ ಚುಚ್ಚಿದ್ದು ಹುಡುಗಿಯರು ಹೇಳಿದ ಮೇಲೆ ಗೊತ್ತಾಯಿತು. ಆವತ್ತಿನ ತಂಬಿಗೆ, ಕೊಡ, ನನ್ನ ಕೈ, ಎಲ್ಲ ಒಂದೊಂದಾಗಿ ಕಣ್ಣೆದುರು ಬಂದವು.

ಎರಡು ದಿನ ಬಸ್ಸಿನಲ್ಲಿ ಅವರಿಂದ ದೂರ ಕೂತೆ. ಮೂರನೆಯ ದಿನ ಹೋಗಿ ಹೇಳಿದೆ. ಅವರು ಹಿತ್ತಲಲ್ಲಿ ಕೂತಿದ್ದರು. ಬೈಯುತ್ತಾರೆ, ಹೊಡೆಯುತ್ತಾರೆ, ಕನಿಷ್ಠ ಅಳುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಕೈಯನ್ನೇ ನೋಡಿ, “ಎಷ್ಟು ಸಲ ಗಲಬರಿಸಿದ್ರಿ?” ಎಂದು ಕೇಳಿದರು.

“ಮೂರು ಸಲಾರಿ.”

“ಹೆಂಗ ಜಾಡಿಸಿದ್ರಿ?”

ಅವರು ಎದ್ದು ಅದೇ ನಳಿಗೆ ತಂದರು. ಡಬ್ಬಿಯ ತಳದಲ್ಲಿ ತಿಕೋಟಾದ ನೀರು ಇನ್ನೂ ಉಳಿದಿತ್ತು. ಆವತ್ತು ಮಾಡಿದಂತೆಯೇ ಮಾಡಿ ತೋರಿಸಿರೆಂದರು. ನನ್ನ ಕೈ ನಡುಗುತ್ತಿತ್ತು. “ನಡಗಬ್ಯಾಡ್ರಿ, ಆವತ್ತು ನಡಗಿರಲಿಲ್ಲ,” ಎಂದರು. ಸಿಟ್ಟಿನಿಂದಲ್ಲ, ಅಳತೆ ತಪ್ಪುತ್ತದೆಂದು. ನಾನು ಜಾಡಿಸಿದ ನಳಿಗೆಗೆ ಅವರು ಭಟ್ಟಿ ನೀರು ಹಾಕಿ, ಹಳದಿ ಬೆರೆಸಿ, ಬಣ್ಣ ನೋಡಿದರು. ಬರೀ ನನ್ನ ಮೂರು ಸಲದ ನೀರಿನಿಂದಲೇ ಅದು ಕೆಂಪಿಗೆ ತಿರುಗಿತ್ತು. ಆವತ್ತಿನ ಅಂಕಿಯಿಂದ ಇದನ್ನು ಸ್ಲೇಟಿನ ಮೇಲೆ ಕಳೆದರು. ಭಾಬಿಯ ರಕ್ತದಲ್ಲಿ ನಿಜವಾಗಿ ಇದ್ದದ್ದು ಒಂದನೆಯ ನಳಿಗೆಗೂ ಕೆಳಗಿನ ಅಂಕಿ.

“ನನ್ನ ಶಂಕಾ ಖರೇ ಇತ್ತು ನೋಡ್ರಿ,” ಎಂದರು. ಅಂಥ ದನಿಯನ್ನು ನಾನು ಯಾವ ಮನುಷ್ಯನ ಬಾಯಲ್ಲೂ ಕೇಳಿಲ್ಲ, ಕೇಳುವುದೂ ಬೇಡ.

ಸೂಜಿ ಹಾಕಿದ್ದರೆ ಅವಳು ಉಳಿಯುತ್ತಿದ್ದಳೇ ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಹೃದಯ ಮೊದಲೇ ಸೋತಿತ್ತು, ಏನಾಗುತ್ತಿತ್ತೋ ಯಾರೂ ಹೇಳಲಾರರು ಎಂದರು. ನನ್ನನ್ನು ಸಮಾಧಾನ ಮಾಡಲು ಹೇಳಿದ್ದಲ್ಲ, ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವುದು ಅವರಿಗೆ ಬರುತ್ತಿರಲಿಲ್ಲ. ನಾನು ಏಳುವಾಗ ಮಾತ್ರ ಹೇಳಿದರು: “ಇದನ್ನ ಯಾರ ಮುಂದೂ ಆಡಬ್ಯಾಡ್ರಿ. ನಿಮ್ಮ ಮನಿ ನೀರು ಕುಡ್ಯಾಕ ಮಂದಿ ಮೊದಲ ಹಿಂದಮುಂದ ನೋಡ್ತಾರ. ನಳಿಗಿ ನಂದು, ಕೆಲಸಾ ನಂದು. ನಾನ ಅದನ್ನ ಇನ್ನೊಬ್ಬರ ಕೈಯಾಗ ಕೊಡಬಾರದಿತ್ತು.”

ನಾನು ಬೇಡವೆನ್ನಲಿಲ್ಲ. ಅವರೇ ಹೇಳಿದ್ದಾರಲ್ಲ ಎಂದು ಮನಸ್ಸಿಗೆ ತಿಳಿ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಅಂಜಿಕೆ. ಅವರ ಮನೆಯ ನೀರಲ್ಲ, ಇವಳ ಕೈಯ ನೀರೇ ಕೊಂದಿತು ಎಂದು ಓಣಿ ಆಡಿಕೊಂಡರೆ, ಅದು ಶಾಲೆಯವರೆಗೆ ಹೋದರೆ, ಅವ್ವನನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ?

ಮಾಸ್ತರರಿಗೆ ತಪ್ಪು ಅಂಕಿಯನ್ನು ಹಾಗೇ ಬಿಡುವುದು ಆಗಲಿಲ್ಲ. ಡಾಕ್ಟರರ ಹತ್ತಿರ ಹೋಗಿ, ನಾ ಕೊಟ್ಟ ಅಂಕಿ ತಪ್ಪು, ನಳಿಗೆ ಸ್ವಚ್ಛ ಇರಲಿಲ್ಲ ಎಂದು ಹೇಳಿ ಬಂದರು. ಬಬಲೇಶ್ವರಕ್ಕೆ ಹೋಗಿ ಮಾವನ ಮನೆಯವರಿಗೂ ಅದನ್ನೇ ಹೇಳಿದರು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಭಾಬಿಯ ಅಣ್ಣ ಮರುವಾರವೇ ಬಂದ. “ನೀರು ನೋಡಿ ನೋಡಿ ಸಾಲದ್ದಕ್ಕ ನಮ್ಮ ತಂಗಿ ಮ್ಯಾಲೂ ಪ್ರಯೋಗ ಮಾಡಿದಿ. ಇನ್ನ ಈ ಹುಡುಗಿ ಮ್ಯಾಲೆ ಮಾಡೂದು ಬ್ಯಾಡ,” ಎಂದ. ಮಾಸ್ತರರು ಹುಡುಗಿಯ ಬಟ್ಟೆಯ ಗಂಟನ್ನು ತಾವೇ ಕಟ್ಟಿಕೊಟ್ಟರು. ನಾನು ನಮ್ಮ ಬಾಗಿಲಲ್ಲಿ ನಿಂತಿದ್ದೆ. ಹುಡುಗಿ ಓಣಿಯ ತಿರುವಿನವರೆಗೂ ಹಿಂದೆ ತಿರುಗಿ ತಿರುಗಿ ನನ್ನನ್ನು ನೋಡಿತು. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು.

ಆಮೇಲೆ ಅವರು ನೀರಿನ ತಂಟೆಗೆ ಹೋಗಲಿಲ್ಲ. ಕೋಟಿನ ಕಿಸೆಗಳು ಸಪ್ಪಳವಿಲ್ಲದೆ ಇಳಿಬಿದ್ದವು. ಪಾಠ ಹೇಳುತ್ತಿದ್ದರು, ಪುಸ್ತಕದಲ್ಲಿದ್ದಷ್ಟೇ. ತಿಂಗಳಿಗೊಂದು ರವಿವಾರ ಬಬಲೇಶ್ವರಕ್ಕೆ ಹೋಗಿ ಮಗಳು ಆಟಕ್ಕೆ ಬರುವ ಬಯಲಿನ ಅಂಚಿನಲ್ಲಿ ನಿಂತು ಬರುತ್ತಿದ್ದರು. ನಿನ್ನ ತಾಯಿಯನ್ನು ಕೊಂದದ್ದು ಇವನೇ ಎಂದು ಮಾವನ ಮನೆಯವರು ಆ ಹುಡುಗಿಗೆ ಕಲಿಸಿದ್ದರು. ಸೋಮವಾರ ಬಸ್ಸಿನಲ್ಲಿ ನಾನು ಏನೂ ಕೇಳದಿದ್ದರೂ ಅವರೇ ಹೇಳುತ್ತಿದ್ದರು.

“ಮಾತಾಡಲಿಲ್ರಿ. ಎತ್ತರ ಆಗ್ಯಾಳ.”

ಮರು ತಿಂಗಳು ಮತ್ತೆ ಅದೇ ಮಾತು. ಒಂದು ಸಲ ನಾನು, “ಸರ, ನಾ ಹೋಗಿ ಆಕಿಗೆ ಹೇಳಿ ಬರ್ತೀನ್ರಿ,” ಎಂದೆ. ಅವರು ಕಿಟಕಿಯ ಹೊರಗೆ ನೋಡುತ್ತ, “ಬ್ಯಾಡ್ರಿ. ಆಕಿ ಪಾಲಿಗೆ ತಂದಿ ಹೋಗ್ಯಾನ, ಮಾವಶಿನೂ ಹೋಗೂದು ಬ್ಯಾಡ,” ಎಂದರು. ನಾನು ಎರಡನೆಯ ಸಲ ಕೇಳಲಿಲ್ಲ. ಕೇಳಬಾರದೆಂದೇ ಕೇಳಲಿಲ್ಲ ಎಂದು ಈಗ ಅನಿಸುತ್ತದೆ. ಹೀಗೆ ಏಳು ವರ್ಷ ಕಳೆದವು.

ತಂದೆಗೂ ಅಣ್ಣನಿಗೂ ಬಂದದ್ದು ತಮಗೂ ಬರುತ್ತದೆಂದು ಅವರಿಗೆ ಗೊತ್ತಿತ್ತು. ತಲೆನೋವೆಂದು ಹಣೆಗೆ ಕರವಸ್ತ್ರ ಬಿಗಿದುಕೊಂಡು ಬಸ್ಸಿನಲ್ಲಿ ಕೂರುತ್ತಿದ್ದರು. ಒತ್ತಡ ನೋಡಿಸಿಕೊಳ್ಳಿ ಎಂದರೆ, “ಅಂಕಿ ಗೊತ್ತಾಗಿ ಏನು ಮಾಡೂದೈತ್ರಿ?” ಎನ್ನುತ್ತಿದ್ದರು. ದಶಕ ಮುಗಿಯುತ್ತ ಬಂದಿದ್ದ ಒಂದು ಬೆಳಿಗ್ಗೆ, ಬಸ್ ಸ್ಟ್ಯಾಂಡಿನಲ್ಲಿ ತಿಕೋಟಾದ ಬಸ್ಸು ಕಾಯುತ್ತ ನನ್ನ ಬಾಜೂ ನಿಂತವರು, ಎಡಗೈಯಿಂದ ಜಾರಿದ ಚೀಲವನ್ನು ಆಶ್ಚರ್ಯದಿಂದ ನೋಡಿದರು. ಮಾತು ಬರಲಿಲ್ಲ. ಕೆಳಗೆ ಕೂತರು, ಹಾಗೇ ಒರಗಿದರು. ಮರುದಿನ ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿಯಿತು.

ಮಗಳು ಸೋದರಮಾವನ ಜೊತೆ ಬಬಲೇಶ್ವರದಿಂದ ಬಂದಳು. ಹದಿನಾರು ವರ್ಷದ, ಭಾಬಿಯದೇ ಮುಖದ ಹುಡುಗಿ. ತಂದೆಯ ಮನೆಗೆ ಕಾಲಿಡಲಿಲ್ಲ, ನೇರ ನಮ್ಮ ಮನೆಗೆ ಬಂದು ಗೋಡೆಗೆ ಒರಗಿ ಕೂತಳು. ನಾನು ಚಹಾ ಮಾಡಿ ಕೊಟ್ಟೆ, ಕುಡಿಯಲಿಲ್ಲ. ಆಚೆಯ ಮನೆಯ ಹೆಂಗಸರು ಎರಡು ಸಲ ಬಂದು ಕರೆದರು. “ಬಾ ಬೇಟಾ, ಮುಚ್ಚೂಕಿಂತ ಮೊದಲ ಒಮ್ಮಿ ನಿಮ್ಮ ಅಬ್ಬಾನ ಮುಖಾ ನೋಡು. ದೀದಾರ ಮಾಡಲಾರದ ಇರಬಾರದವ್ವಾ.” ಅವಳು ತಲೆಯಲ್ಲಾಡಿಸಿದಳು. ನಾನು ಅದೇ ಕೋಣೆಯಲ್ಲಿ, ಅವಳಿಂದ ಒಂದು ಮಾರು ದೂರದಲ್ಲಿ ಕೂತಿದ್ದೆ. ಬಾಯಿಗೆ ಬಂದ ಮಾತನ್ನು ಎಷ್ಟು ಸಲ ನುಂಗಿದೆನೋ. ಗಂಡಸರು ಕಲಿಮಾ ಹೇಳುತ್ತ ಹೆಣ ಎತ್ತಿದರು. ದನಿ ಓಣಿಯ ತಿರುವು ದಾಟಿ, ಸ್ಟೇಷನ್ ರಸ್ತೆಯ ಗದ್ದಲದಲ್ಲಿ ಕರಗಿತು.

ಆಗ ಅವಳು ಮೊದಲ ಸಲ ಬಾಯಿ ಬಿಟ್ಟಳು. “ಮಾವಶಿ, ನೀವು ಬಾಜೂಕ ಇದ್ರಿ. ಖರೇ ಹೇಳ್ರಿ. ಅಬ್ಬಾ ಆವತ್ತು ನಳಿಗಿ ತೊಳೀಲೇ ಇಲ್ಲೇನು?”

“ತೊಳದಿದ್ರವ್ವಾ. ಮೂರು ದಿನಾ ತೊಳದಿದ್ರು. ಕೆಡಿಸಿದಾಕಿ ನಾನು,” ಎಂದೆ. ಎಲ್ಲ ಹೇಳಿದೆ. ಕೊಡದ ನೀರು, ಮೂರು ಸಲ ಗಲಬರಿಸಿದ್ದು, ಯಾರ ಮುಂದೂ ಆಡಬೇಡಿ ಎಂದು ಅವರು ಹೇಳಿದ್ದು, ನಾನು ಆಡದೆ ಉಳಿದದ್ದು.

ಅವಳು ಅಳುತ್ತಾಳೆಂದು ನಾನು ಕಾದೆ. ಅವಳು ಎದ್ದು ಬಾಗಿಲಿಗೆ ಹೋಗಿ, ಹೆಣ ಹೋದ ದಿಕ್ಕಿಗೆ ನೋಡಿದಳು. ಹೆಣ್ಣುಮಕ್ಕಳು ಮಣ್ಣಿಗೆ ಹೋಗುವ ಪದ್ಧತಿ ಅವರಲ್ಲಿಲ್ಲ. ಬೆನ್ನು ಮಾಡಿಕೊಂಡೇ ಕೇಳಿದಳು:

“ಒಂದು ತಾಸು ಮೊದಲ ಹೇಳಬಾರದಿತ್ತೇನ್ರಿ, ಮಾವಶಿ?”